ಪಟ್ಟಿಯಲ್ಲಿಲ್ಲದ ಗೋಲ್‌ಕೀಪರ್

ಚೆಂಡು ಪಕ್ಕೆಲುಬಿಗೆ ಬಡಿಯಿತು. ಜಲಜಾಕ್ಷಿಗೆ ಒಂದು ಗಳಿಗೆ ಉಸಿರೇ ಬರಲಿಲ್ಲ. ಬಗ್ಗಿ ನಿಂತಳು. ತಲೆ ಎತ್ತುವುದರೊಳಗೆ ಇನ್ನೊಂದು ಬಂತು. ಕಾಲು ಚಾಚಿ ಒದ್ದಳು. ಮತ್ತೊಂದು ಬಂತು. ಅದು ಮುಂಗೈಗೆ ತಗಲಿ ಹೊರಗೆ ಹಾರಿತು.

"ಚೆನ್ನಾಗಿತ್ತು, ಯಾಲಾ!" ಎಂದು ಕೋಚ್ ಮಾರ್ಲೂಸ್ ದೂರದಿಂದ ಕೂಗಿದಳು.

ಡಚ್ಚರ ಈ ದೇಶದಲ್ಲಿ ಜ ಅಕ್ಷರ ಯ ಆಗುತ್ತದೆ. ಗ್ರೋನಿಂಗನ್‌ಗೆ ಓದಲು ಬಂದ ಮೊದಲ ವಾರದಲ್ಲೇ ಜಲಜಾಕ್ಷಿ ಯಾಲಾ ಆಗಿದ್ದಳು. ವಿಶ್ವವಿದ್ಯಾಲಯದ ಹುಡುಗಿಯರ ಹಾಕಿ ತಂಡಕ್ಕೆ ಆಯ್ಕೆಯಾದ ದಿನ ಎಲ್ಲರೂ ಆ ಹೆಸರು ಹಿಡಿದು ಕೂಗಿ ಚಪ್ಪಾಳೆ ತಟ್ಟಿದ್ದರು. ಇಂಥ ಗೋಲ್‌ಕೀಪರ್ ತಾನು ಕೋಚ್ ಆದ ಮೇಲೆ ಸಿಕ್ಕಿರಲಿಲ್ಲ ಎಂದು ಮಾರ್ಲೂಸ್ ಹೇಳಿದ್ದಳು. ಆಮೇಲೆ ನಿಯಮ ಅಡ್ಡ ಬಂತು.

ನಿಯಮ ಹೀಗಿತ್ತು. ಬೇರೆ ದೇಶದಲ್ಲಿ ಕಾಲೇಜು ತಂಡಕ್ಕೆ ಆಡಿದವರು ಇಲ್ಲಿಯ ವಿದ್ಯಾರ್ಥಿ ಲೀಗಿನಲ್ಲಿ ಆಡಬೇಕಾದರೆ ಹಳೆಯ ಕಾಲೇಜು ಎನ್‌ಒಸಿ ಕೊಡಬೇಕು. ಇವಳ ಮೇಲೆ ನಮ್ಮದೇನೂ ದೂರಿಲ್ಲ, ಬೇಕಾದಲ್ಲಿ ಆಡಲಿ ಎಂದು. ಅದು ಬಾರದಿದ್ದರೆ ಒಂದು ವರ್ಷ ಹೊರಗೆ ಕೂರಬೇಕು. ಜಲಜಾಕ್ಷಿಯ ಕೋರ್ಸು ಇದ್ದದ್ದೇ ಒಂದು ವರ್ಷ.

ಹಾಗಾಗಿ ಅವಳ ಹೆಸರು ಪಂದ್ಯದ ಪಟ್ಟಿಗೆ ಹತ್ತಲಿಲ್ಲ. ತಾಲೀಮಿಗೆ ಮಾತ್ರ ಅಡ್ಡಿಯಿರಲಿಲ್ಲ. ತಾಲೀಮಿಗೆ ಪಟ್ಟಿ ಇಲ್ಲ. ಹುಡುಗಿಯರು ಸಾಲಾಗಿ ನಿಂತು ಒಬ್ಬರಾದ ಮೇಲೊಬ್ಬರು ಹೊಡೆಯುತ್ತಿದ್ದರು. ಹಾಕಿಯ ಚೆಂಡೆಂದರೆ ಕಲ್ಲು. ಪ್ಯಾಡು ಮುಚ್ಚದ ಜಾಗವನ್ನು ಅದು ಹುಡುಕಿಕೊಂಡು ಬರುತ್ತದೆ. ಅವಳ ತೊಡೆಯ ಮೇಲೆ ಹಳೆಯ ಕಲೆ ಹಳದಿಯಾಗುವುದರೊಳಗೆ ಹೊಸದು ನೀಲಿಯಾಗಿ ಏಳುತ್ತಿತ್ತು. ಭುಜ ಎತ್ತಿದರೆ ನೋವು. ಕ್ಲಾಸಿನ ಬೆಂಚಿನಲ್ಲಿ ಒಂದೇ ಮಗ್ಗುಲಿಗೆ ಕೂರುವಳು.

ಭಾನುವಾರ ಪಂದ್ಯ. ಆಗ ಗೋಲಿನಲ್ಲಿ ಫೆಮ್ಕೆ ನಿಲ್ಲುವಳು. ಫೆಮ್ಕೆ ಆಮರ್ಸ್‌ಫೋರ್ಟ್‌ನ ಕ್ಲಬ್ಬಿನಿಂದ ಸೀಸನ್ ನಡುವೆಯೇ ಬಂದವಳು. ಸೀಸನ್ ನಡುವೆ ತಂಡ ಬದಲಿಸಬಾರದು ಎಂದೂ ನಿಯಮದಲ್ಲಿತ್ತು. ಅವಳ ಹಳೆಯ ಕ್ಲಬ್ಬಿನ ಅಧ್ಯಕ್ಷ ಒಂದು ಫೋನ್ ಮಾಡಿದ. ನಿಯಮ ಬಾಗಿತು. ಫೆಮ್ಕೆ ಕೆಟ್ಟವಳಲ್ಲ. ತಾಲೀಮು ಮುಗಿದ ಮೇಲೆ ಜಲಜಾಕ್ಷಿಯ ಕೈ ಹಿಡಿದು ಥ್ಯಾಂಕ್ಸ್ ಹೇಳುವಳು. ಫೆಮ್ಕೆಗೆ ಪೆಟ್ಟಾಗಬಾರದು, ಪಂದ್ಯಕ್ಕೆ ಬೇಕು ಎಂದೇ ತಾಲೀಮಿನ ಚೆಂಡುಗಳೆಲ್ಲ ಜಲಜಾಕ್ಷಿಗೆ ಬರುತ್ತಿದ್ದವು.

ಜಲಜಾಕ್ಷಿ ಊರಿನ ಕಾಲೇಜಿಗೆ ಫೋನ್ ಮೇಲೆ ಫೋನ್ ಮಾಡಿದಳು. ಕೊನೆಗೊಂದು ದಿನ ದೈಹಿಕ ಶಿಕ್ಷಣ ನಿರ್ದೇಶಕ ಯತಿರಾಜ್ ಎತ್ತಿದರು. ಮೈಸೂರು ಕಡೆಯವರು. ಮಾತು ಬೆಣ್ಣೆ.

"ಏನಮ್ಮಾ ಜಲಜಾಕ್ಷಿ, ಫಾರಿನ್‌ಗೆ ಹೋಗಿ ದೊಡ್ಡೋಳಾಗ್ಬಿಟ್ಟೆ. ಹೋಗೋವಾಗ ಒಂದು ಮಾತು ಹೇಳಿದ್ಯಾ? ಎಂ.ಎ. ಸೇರ್ಕೊ, ಇನ್ನೆರಡು ವರ್ಷ ನಮ್ಮ ಟೀಮಿಗೆ ಆಡು ಅಂತ ಬಡ್ಕೊಂಡೆ. ನೀನಿಲ್ದೆ ಈ ಸಲ ಮೊದಲ್ನೇ ರೌಂಡಲ್ಲೇ ಮನೆಗೆ ಬಂದ್ವಿ."

"ತಪ್ಪಾತ್ರಿ ಸರ್. ಎನ್‌ಒಸಿ ಒಂದು ಕೊಡ್ರಿ."

"ಕೊಡ್ತೀನಿ. ಕೊಡಲ್ಲ ಅಂತ ಯಾರಂದ್ರು? ಗೋಲ್‌ಕೀಪರ್ ಕಿಟ್ ಎಲ್ಲಿ ಹೇಳು."

"ಯಾವ ಕಿಟ್ ಸರ್?"

"ನಿನ್ನ ಹೆಸರಲ್ಲಿ ತರಿಸಿದ್ನಲ್ಲ, ಹೊಸದು. ಈಗ ಆಡಿಟ್‌ನವರು ಕೇಳ್ತಿದಾರೆ. ನಾನೇ ತಗೊಂಡ್ಹೋದೆ, ತಪ್ಪಾಯ್ತು, ಕ್ಷಮಿಸಿ ಅಂತ ಎರಡು ಸಾಲು ಬರೆದು ಸೈನ್ ಹಾಕಿ ಕಳಿಸು. ಅವತ್ತೇ ಎನ್‌ಒಸಿ."

"ಹೊಸಾ ಕಿಟ್ ನಾ ಕಣ್ಲೇ ನೋಡಿಲ್ರಿ."

"ನೋಡಿಲ್ಲ ಅಂದ್ರೆ ಎಲ್ಲಿಗೆ ಹೋಯ್ತು? ನಿಮ್ಮ ಓಣಿ ಕಡೆ ಹೋದ ಸಾಮಾನು ವಾಪಸ್ ಬಂದಿದ್ದುಂಟಾ?"

ನಕ್ಕರು. ತಮಾಷೆ ಮಾಡಿದವರಂತೆ ನಕ್ಕರು.

ಜಲಜಾಕ್ಷಿ ಆ ಕಾಲೇಜಿನಲ್ಲಿ ಆಡಿದ್ದು ಹರಿದ ಪ್ಯಾಡಿನಲ್ಲಿ. ಒಳಗಿನ ಸ್ಪಂಜು ಪುಡಿಪುಡಿಯಾಗಿ ಉದುರಿ ಹೋಗಿತ್ತು. ಅವ್ವ ಹಳೆಯ ಕೌದಿ ಕತ್ತರಿಸಿ, ಮಡಚಿ, ದಬ್ಬಣದಲ್ಲಿ ಒಳಗೆ ಹೊಲಿದುಕೊಟ್ಟಿದ್ದಳು. ಆ ಕೌದಿ ಕಟ್ಟಿಕೊಂಡೇ ಅವಳು ಕಾಲೇಜಿಗೆ ಕಪ್ಪು ತಂದಳು. ಕಪ್ಪು ಹಿಡಿದು ಫೋಟೊ ತೆಗೆಸಿಕೊಂಡವರು ಯತಿರಾಜ್. ಹೊಸ ಕಿಟ್ ಯಾರ ಹೊಟ್ಟೆಗೆ ಹೋಯಿತೆಂದು ಕಾಲೇಜಿನ ಜವಾನನಿಗೂ ಗೊತ್ತಿತ್ತು.

ಅವಳ ಮನೆ ಬೆಟಗೇರಿಯ ಸೆಟ್ಲಮೆಂಟಿನಲ್ಲಿ. ಬ್ರಿಟಿಷರ ಕಾಲದಲ್ಲಿ ತಂತಿ ಬೇಲಿ ಬಿಗಿದು ಜನರನ್ನು ಕೂಡಿಹಾಕಿದ ಜಾಗ ಅದು. ಇವರು ಹುಟ್ಟಿನಿಂದಲೇ ಕಳ್ಳರು ಎಂದು ಆಗ ಕಾನೂನೇ ಹೇಳುತ್ತಿತ್ತು. ಬೆಳಿಗ್ಗೆ ಹಾಜರಿ, ಸಂಜೆ ಹಾಜರಿ. ಬೇಲಿ ದಾಟಿ ಹೋಗಬೇಕಾದರೆ ಪಾಸು. ಅವಳ ಮುತ್ತಜ್ಜ ಮಗಳ ಬಾಣಂತನ ನೋಡಲು ಹೋಗಿ ಪಾಸಿನ ಸಮಯ ಮೀರಿದ್ದಕ್ಕೆ ಚಡಿಯೇಟು ತಿಂದಿದ್ದ. ಸ್ವಾತಂತ್ರ್ಯ ಬಂತು. ಬೇಲಿ ಕಿತ್ತರು. ಹೆಸರನ್ನು ಯಾರೂ ಕೀಳಲಿಲ್ಲ. ಊರಲ್ಲಿ ಯಾರ ಮನೆಯಲ್ಲಿ ಏನು ಕಳುವಾದರೂ ಪೊಲೀಸ್ ಜೀಪು ಮೊದಲು ಸೆಟ್ಲಮೆಂಟಿಗೆ ಬರುತ್ತದೆ.

ಅದೇ ಬೇಲಿಯೊಳಗೆ ಹಾಕಿ ಬೆಳೆಯಿತು. ಜಾಲಿ ಕೊಂಬೆಯನ್ನು ಬಗ್ಗಿಸಿ ಸ್ಟಿಕ್ ಮಾಡಿಕೊಂಡವರ ಮೊಮ್ಮಕ್ಕಳು ರಾಜ್ಯಕ್ಕೆ ಆಡಿದರು. ಜಲಜಾಕ್ಷಿ ಅವರಲ್ಲೊಬ್ಬಳು. ಓದಿನಲ್ಲೂ ಮುಂದಿದ್ದಳು. ಸರ್ಕಾರದ ವಿದ್ಯಾರ್ಥಿವೇತನ ಸಿಕ್ಕಿ ಇಲ್ಲಿಗೆ ಬಂದಳು. ವಿಮಾನ ಹತ್ತುವಾಗ ಅವಳಿಗೆ ಅನ್ನಿಸಿದ್ದು ಒಂದೇ: ಅಲ್ಲಿ ನನ್ನ ಓಣಿ ಯಾರಿಗೂ ಗೊತ್ತಿರುವುದಿಲ್ಲ.

ಗ್ರೋನಿಂಗನ್‌ನಲ್ಲಿ ಹಾಕಿ ಕ್ಲಬ್ಬಿನ ಆಡಳಿತ ನೋಡುವವರಲ್ಲಿ ಒಬ್ಬ ಕನ್ನಡದವನಿದ್ದ. ಕೌಶಲ್. ಬೆಂಗಳೂರಿನವನು, ಪಿಎಚ್‌ಡಿ ಮಾಡುತ್ತಿದ್ದ. ತಂಡದ ಮ್ಯಾನೇಜರ್. ಅವನಿಗೆ ಡಚ್ ಬರುತ್ತಿತ್ತು, ಅದರ ಬಗ್ಗೆ ಹೆಮ್ಮೆಯೂ ಇತ್ತು. ಜಲಜಾಕ್ಷಿ ಅವನ ಮುಂದೆ ಎಲ್ಲ ಹೇಳಿಕೊಂಡಳು.

"ಎರಡು ಲೈನ್ ತಾನೇ? ಬರ್ದು ಬಿಸಾಕು" ಎಂದ ಕೌಶಲ್. ಕ್ಯಾಂಟೀನಿನಲ್ಲಿ ಚೀಸ್ ಇಟ್ಟ ಬ್ರೆಡ್ ತಿನ್ನುತ್ತಿದ್ದ. "ಜಸ್ಟ್ ಫಾರ್ಮಾಲಿಟಿ. ಇಲ್ಲಿ ಯಾರಿಗೂ ಕನ್ನಡ ಓದೋಕೆ ಬರಲ್ಲ."

"ಅಲ್ಲಿ ಬರ್ತೈತಲ್ರಿ."

"ಅಲ್ಲಿಂದ ನಿಂಗೇನಾಗ್ಬೇಕು ಈಗ? ಪ್ರಾಕ್ಟಿಕಲ್ ಆಗಿ ಯೋಚ್ನೆ ಮಾಡು. ನಾನಾಗಿದ್ರೆ ಬರ್ದು ಕೊಡ್ತಿದ್ದೆ."

"ನೀವು ಬರದ್ರ ನೀವೊಬ್ರೇ ಕಳ್ಳ ಆಗ್ತೀರಿ. ನಾ ಬರದ್ರ ನಮ್ಮಜ್ಜ, ನಮ್ಮಪ್ಪ, ಸೆಟ್ಲಮೆಂಟ್ ಎಲ್ಲಾ ಆಗ್ತೈತಿ."

"ಸೆಟ್ಲಮೆಂಟ್ ಅಂದ್ರೆ? ಲೇಔಟಾ?"

ಅವಳು ವಿವರಿಸಿದಳು. ಕೌಶಲ್ ಬ್ರೆಡ್ ಕೆಳಗಿಟ್ಟ. ಗಂಭೀರನಾದ. ಅವಳ ಕಡೆ ನೋಡುವುದು ಬಿಟ್ಟು ಕಿಟಕಿಯ ಕಡೆ ನೋಡಿದ. ಆಮೇಲೆ, ಮೇಜಿನ ಮೇಲಿದ್ದ ತನ್ನ ಫೋನು ಎತ್ತಿ ಜೇಬಿಗೆ ಹಾಕಿಕೊಂಡ. ಯೋಚಿಸಿ ಮಾಡಿದ್ದಲ್ಲ. ಕೈ ತಾನೇ ಹೋಯಿತು. ಅವಳು ಕಂಡಳೆಂದು ಅವನಿಗೂ ತಿಳಿಯಿತು. ಕಿವಿ ಕೆಂಪಾಯಿತು.

"ಅಪೀಲ್ ಹಾಕೋಣ" ಎಂದ. "ಲೀಗಿಗೆ ಒಂದು ಕಮಿಟಿ ಇದೆ. ನಾನೇ ಬರ್ತೀನಿ ಜೊತೇಲಿ."

ಕಮಿಟಿ ಕೂತದ್ದು ಆಮರ್ಸ್‌ಫೋರ್ಟ್‌ನಲ್ಲಿ. ರೈಲಿನಲ್ಲಿ ಹೋದರು. ಕಾಲುವೆ, ಹುಲ್ಲು, ಹುಲ್ಲಿನ ಮೇಲೆ ದನ. ಎಲ್ಲೂ ಒಂದು ದಿಣ್ಣೆಯಿಲ್ಲ. ಕೌಶಲ್ ದಾರಿಯುದ್ದಕ್ಕೂ ಲ್ಯಾಪ್‌ಟಾಪಿನಲ್ಲಿ ಮುಖ ಇಟ್ಟಿದ್ದ. ಜಲಜಾಕ್ಷಿ ಹೇಳಬೇಕಾದ ಮಾತನ್ನು ಇಂಗ್ಲಿಷಿನಲ್ಲಿ ಮನಸ್ಸಿನೊಳಗೆ ಜೋಡಿಸುತ್ತಿದ್ದಳು. ಹುಟ್ಟಿನಿಂದಲೇ ಕಳ್ಳರು ಎಂಬುದನ್ನು ಇಂಗ್ಲಿಷಿನಲ್ಲಿ ಹೇಳಿಕೊಂಡಾಗ ಅದು ಬೇರೆ ಯಾರದೋ ಕಥೆಯಂತೆ ಕೇಳಿಸಿತು.

ಕಮಿಟಿಯ ಅಧ್ಯಕ್ಷ ನರೆಗೂದಲಿನ ಮನುಷ್ಯ. ಎದ್ದು ಕೈ ಕುಲುಕಿದ. ತಾನೇ ಕಾಫಿ ಬಗ್ಗಿಸಿ ಕೊಟ್ಟ, ಪಕ್ಕದಲ್ಲಿ ಒಂದು ಬಿಸ್ಕತ್ತು ಇಟ್ಟ. ಅವಳ ಮಾತು ಪೂರ್ತಿ ಕೇಳಿದ. ನಡುವೆ ಬಾಯಿ ಹಾಕಲಿಲ್ಲ. ಊರಿನಲ್ಲಿ ಯಾವ ಅಧಿಕಾರಿಯೂ ಅವಳ ಮಾತನ್ನು ಹಾಗೆ ಕೇಳಿರಲಿಲ್ಲ. ಅವಳಿಗೆ ಆಸೆ ಹುಟ್ಟಿತು.

"ತುಂಬ ದುಃಖದ ವಿಷಯ" ಎಂದ ಅವನು. "ಆದರೆ ನಿಮ್ಮ ದೇಶದ ಇತಿಹಾಸದ ಬಗ್ಗೆ ತೀರ್ಪು ಕೊಡಲು ನಾವು ಯಾರು? ಹಳೆಯ ಕಾಲೇಜು ದೂರು ಇದೆ ಎನ್ನುತ್ತಿದೆ. ದೂರು ನಿಜವೋ ಸುಳ್ಳೋ ನಾವು ನೋಡುವುದಿಲ್ಲ. ದೂರು ಇದೆಯೋ ಇಲ್ಲವೋ ಅಷ್ಟೇ ನೋಡುತ್ತೇವೆ. ನಿಯಮ ಎಲ್ಲರಿಗೂ ಒಂದೇ."

"ಫೆಮ್ಕೆಗೆ?"

ಅವನು ಕೌಶಲ್‌ನ ಮುಖ ನೋಡಿದ. ಕೌಶಲ್ ಡಚ್‌ನಲ್ಲಿ ಏನೋ ಹೇಳಿದ. ಇಬ್ಬರೂ ಸಣ್ಣಗೆ ನಕ್ಕರು.

"ಅದು ದೇಶದೊಳಗಿನ ವರ್ಗಾವಣೆ. ಅಲ್ಲಿ ಎರಡೂ ಕ್ಲಬ್ಬು ಒಪ್ಪಿದ್ದವು."

"ಒಂದು ವರ್ಷ ಕಾಯಿ ಅಂತೀರಿ. ಒಂದು ವರ್ಷಕ್ಕೆ ನನ್ನ ಓದೇ ಮುಗಿಯುತ್ತದೆ. ಆಮೇಲೆ ನಾನು ವಿದ್ಯಾರ್ಥಿಯೇ ಅಲ್ಲ. ಅಂದರೆ ಯಾವತ್ತೂ ಆಡಬೇಡ ಎಂದು ಹೇಳುತ್ತಿದ್ದೀರಿ."

"ಹಾಗೆ ನಾವು ಹೇಳಿಲ್ಲ" ಎಂದ ಅಧ್ಯಕ್ಷ. ಮೆಲ್ಲಗೆ, ಮರ್ಯಾದೆಯಿಂದ ಹೇಳಿದ. "ಒಂದು ವರ್ಷ ಎಂದಷ್ಟೇ ಹೇಳಿದ್ದೇವೆ."

ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಬಾಗಿಲು ಹಾಕಿದ್ದರೆ ಬಡಿಯಬಹುದಿತ್ತು. ಅವನು ಬಾಗಿಲು ತೆರೆದು ಹಿಡಿದು, ರೈಲು ಹಿಡಿಯಲು ಹತ್ತಿರದ ದಾರಿ ತೋರಿಸಿದ. ಜಲಜಾಕ್ಷಿ ಥ್ಯಾಂಕ್ಸ್ ಹೇಳಿ ಹೊರಗೆ ಬಂದಳು. ಯಾಕೆ ಹೇಳಿದೆನೆಂದು ತನ್ನ ಮೇಲೇ ಸಿಟ್ಟು ಬಂತು.

ಅಪೀಲಿನ ಸುದ್ದಿ ಊರಿನ ಕಾಲೇಜಿಗೆ ಮುಟ್ಟಿತು. ಕಮಿಟಿ ಸ್ಪಷ್ಟನೆ ಕೇಳಿ ಅಲ್ಲಿಗೂ ಬರೆದಿತ್ತು. ಯತಿರಾಜ್‌ಗೆ ಭಯ ಹತ್ತಿತು. ಭಯ ಹತ್ತಿದವರು ಮಾಡುವುದನ್ನೇ ಅವರೂ ಮಾಡಿದರು. ಪೊಲೀಸರಿಗೆ ದೂರು ಕೊಟ್ಟರು.

ಅವ್ವ ಇಂದಿರವ್ವ ಗದಗಿನ ಎಪಿಎಂಸಿಯಲ್ಲಿ ಹೆಸರುಕಾಳು ಹಸನು ಮಾಡುವ ಕೆಲಸದವಳು. ಕೆಲಸದ ಹೊತ್ತಿನಲ್ಲಿ ಎಂದೂ ಫೋನ್ ಮಾಡುವವಳಲ್ಲ. ಅಂದು ಮಾಡಿದಳು.

"ನಿನ್ನಿ ಪೊಲೀಸ್ರು ಬಂದಿದ್ರವ್ವಾ ಮನಿಗೆ."

"ಯಾಕ?"

"ಕಿಟ್ ಅಂತ. ಆಟದ ಸಾಮಾನಂತ. ಕೀಲಿ ತರ್ತೀನಿ ತಡೀರಿ ಅನ್ನೂದ್ರಾಗ ಟ್ರಂಕ್ ಒಡದ್ರು. ಜ್ವಾಳದ ಚೀಲಾ ನೆಲಕ್ಕ ಸುರುವಿದ್ರು. ಬೂಟಗಾಲಾಗ ತುಳದಾಡಿದ್ರು. ಸಂದೀಪನ್ನ ಕರಕೊಂಡು ಹ್ವಾದ್ರು."

ಸಂದೀಪ ಜಲಜಾಕ್ಷಿಯ ತಮ್ಮ. ಬಾಡಿಗೆ ಆಟೋ ಓಡಿಸುತ್ತಾನೆ.

"ಹೊಡದ್ರೇನು?"

"ಸಂಜಿಗೆ ಬಿಟ್ರು. ಈಗ ಮನ್ಯಾಗದಾನ. ಬೋರಲ ಮಲಗ್ಯಾನ" ಎಂದಳು ಅವ್ವ.

ಜಲಜಾಕ್ಷಿ ಹಾಸ್ಟೆಲ್ ಕೋಣೆಯ ನೆಲದ ಮೇಲೆ ಕುಸಿದಳು. ಕಿಟಕಿಯ ಹೊರಗೆ ಸೈಕಲ್ಲುಗಳು ಗಂಟೆ ಬಾರಿಸುತ್ತ ಹೋಗುತ್ತಿದ್ದವು.

"ಅವ್ವಾ, ನಾ ಬರದು ಕೊಟ್ಟುಬಿಡ್ತೀನಿ. ಸಾಕಾಗೇತಿ ನನಗ."

"ಏನಂತ ಬರೀತಿ?"

"ಒಯ್ದೀನಿ ಅಂತ."

"ಒಯ್ದೀಯೇನು?"

"ಇಲ್ಲವ್ವಾ."

"ಮತ್ತ ಬರೀಬ್ಯಾಡ." ಅವ್ವನ ಧ್ವನಿ ಗಟ್ಟಿಯಾಯಿತು. "ಇಷ್ಟು ದಿನಾ ಅವ್ರು ಕಳ್ರು ಅಂತಿದ್ರು, ನಾವು ಅಲ್ಲ ಅಂತಿದ್ವಿ. ನಮ್ಮ ಕೈಲೇ ಬರದ ಮ್ಯಾಲೆ ಏನಂತ ಅನ್ನೂದು? ನಾಳೆ ಸಂದೀಪನ ಮಕ್ಕಳ ಮುಂದ ಆ ಕಾಗದಾ ಹಿಡೀತಾರ. ಬರೀಬ್ಯಾಡ."

"ಆಟ ಹೋಗ್ತೈತಿ ಅವ್ವಾ."

"ಹೋಗ್ಲಿ."

ಹಿಂದೆ ಯಾರೋ ಹಮಾಲರು ಚೀಲ ಎತ್ತುತ್ತ ಕೂಗುತ್ತಿದ್ದರು. ಅವ್ವ ಅಳುತ್ತಿದ್ದಳು. "ಹೋಗ್ಲಿ ಅನ್ನಾಕ ನನಗೇನು ಹಗರ ಐತೇನ, ನನ್ನವ್ವಾ" ಎಂದಳು.

ಜಲಜಾಕ್ಷಿ ಬರೆದು ಕೊಡಲಿಲ್ಲ. ಬೇರೆ ಏನನ್ನೂ ಮಾಡಲಾಗಲಿಲ್ಲ. ಊರಿನ ವಕೀಲರೊಬ್ಬರಿಗೆ ಫೋನ್ ಮಾಡಿದಳು. ನೀನು ಇಲ್ಲಿಗೆ ಬಂದರೆ ನೋಡೋಣ ಎಂದರು. ವಿಶ್ವವಿದ್ಯಾಲಯದಲ್ಲಿ ಒಬ್ಬ ಸಲಹೆಗಾರ್ತಿಯ ಹತ್ತಿರ ಹೋದಳು; ಆಕೆ ನಿದ್ದೆ ಬರುತ್ತದೆಯೇ ಎಂದು ಕೇಳಿದಳು. ಚಳಿಗಾಲ ಕಳೆಯಿತು. ಬೇರೆಲ್ಲಿ ಹೋಗಬೇಕೆಂದು ತಿಳಿಯದೆ ತಾಲೀಮಿಗೆ ಹೋಗುತ್ತಿದ್ದಳು. ಹೋಗಿ ಗೋಲಿನಲ್ಲಿ ನಿಲ್ಲುತ್ತಿದ್ದಳು. ಚೆಂಡುಗಳು ಬಡಿಯುತ್ತಿದ್ದವು.

ವಸಂತದಲ್ಲಿ ರಾಟರ್‌ಡ್ಯಾಮ್ ತಂಡದ ಜೊತೆ ಪಂದ್ಯ. ಗೆದ್ದವರು ಫೈನಲ್‌ಗೆ. ಬಿಸಿಲಿತ್ತು, ಬಿಸಿಲಿಗಿಂತ ಹೆಚ್ಚು ಗಾಳಿಯಿತ್ತು. ಹಸಿರು ಮೈದಾನಕ್ಕೆ ನೀರು ಹೊಡೆದಿದ್ದರು. ಜಲಜಾಕ್ಷಿ ಗೆರೆಯ ಆಚೆ ನೀರಿನ ಬಾಟಲಿಗಳ ಪಕ್ಕ ಕೂತಿದ್ದಳು.

ಮೊದಲ ಅರ್ಧ ಮುಗಿಯುವ ಮುಂಚೆ ಫೆಮ್ಕೆ ಬಿದ್ದಳು. ಮಣಿಕಟ್ಟು ತಿರುಚಿತ್ತು. ಕಿರುಚಾಟಕ್ಕೆ ಎಲ್ಲರೂ ಓಡಿದರು. ಅವಳನ್ನು ಹೊರಗೆ ಕರೆತಂದು, ಪ್ಯಾಡು ಬಿಚ್ಚಿ, ಕೈಗೆ ಐಸು ಕಟ್ಟಿದರು. ಪಟ್ಟಿಯಲ್ಲಿ ಬೇರೆ ಗೋಲ್‌ಕೀಪರ್ ಇರಲಿಲ್ಲ. ಪಟ್ಟಿಯಲ್ಲಿರುವ ಯಾರಾದರೂ ಪ್ಯಾಡು ಕಟ್ಟಿಕೊಂಡು ನಿಲ್ಲಬಹುದು ಎಂದ ಅಂಪೈರ್. ಡಿಫೆಂಡರ್ ಹುಡುಗಿಯೊಬ್ಬಳು ಮುಂದೆ ಬಂದಳು. ಜನ್ಮದಲ್ಲಿ ಗೋಲಿನಲ್ಲಿ ನಿಂತವಳಲ್ಲ. ಪ್ಯಾಡಿನ ಯಾವ ಬೆಲ್ಟು ಎಲ್ಲಿಗೆ ಹೋಗಬೇಕೆಂದೂ ಅವಳಿಗೆ ತಿಳಿಯಲಿಲ್ಲ.

ಮಾರ್ಲೂಸ್ ಸುತ್ತ ನೋಡಿದಳು. "ಯಾಲಾ, ಬೇಗ ಬಾ. ಅವಳಿಗೆ ಪ್ಯಾಡ್ ಕಟ್ಟಿಕೊಡು."

ಜಲಜಾಕ್ಷಿ ಎದ್ದು ಬಂದಳು. ಆ ಹುಡುಗಿಯ ಕಾಲಬಳಿ ಮೊಣಕಾಲೂರಿದಳು. ಪ್ಯಾಡು ಎತ್ತಿ ಹುಡುಗಿಯ ಕಾಲಿಗೆ ಆನಿಸಿದಳು. ಒಂದು ಬಕಲು ಹಾಕಿದಳು.

ಕೈ ನಿಂತಿತು.

ಹಾಕಿದ ಬಕಲನ್ನು ಬಿಚ್ಚಿದಳು. ಅಲ್ಲೇ ಒದ್ದೆ ನೆಲದ ಮೇಲೆ ಕೂತಳು. ಪ್ಯಾಡನ್ನು ತನ್ನ ಕಾಲಿಗೆ ಕಟ್ಟಿಕೊಂಡಳು. ಇನ್ನೊಂದು ಕಾಲಿಗೂ ಕಟ್ಟಿಕೊಂಡಳು. ಎದೆಗವಚ, ಗ್ಲೌಸು, ಹೆಲ್ಮೆಟ್ಟು. ಸಹಾಯ ಮಾಡುತ್ತಿದ್ದಾಳೆಂದೇ ತಿಳಿದು ಯಾರೂ ತಡೆಯಲಿಲ್ಲ. ತಿಳಿಯುವುದರೊಳಗೆ ಅವಳು ಮೈದಾನ ದಾಟಿ ಗೋಲಿನೊಳಗೆ ನಿಂತಿದ್ದಳು.

ಕೌಶಲ್ ಓಡಿ ಬಂದ. "ಏಯ್ ಜಲಜಾ, ಏನ್ ಮಾಡ್ತಿದೀಯ? ಲಿಸ್ಟಲ್ಲಿ ನಿನ್ ಹೆಸ್ರಿಲ್ಲ. ಹೊರಗ್ ಬಾ."

"ಬರೂದಿಲ್ಲ."

"ಮ್ಯಾಚ್ ಅವ್ರಿಗೆ ಕೊಟ್ಬಿಡ್ತಾರೆ. ಟೀಮ್ ಏನ್ ತಪ್ಪು ಮಾಡಿದೆ?"

"ನಾ ಏನು ಮಾಡೀನಿ? ಅದನ್ನ ಮೊದಲು ಹೇಳು."

ಅವನನ್ನು ಅವಳು ಏಕವಚನದಲ್ಲಿ ಮಾತಾಡಿಸಿದ್ದು ಅದೇ ಮೊದಲು. ಕೌಶಲ್ ತಡವರಿಸಿದ. ದನಿ ತಗ್ಗಿಸಿದ. "ಸೀನ್ ಮಾಡ್ಬೇಡ, ಪ್ಲೀಸ್. ಎಲ್ರೂ ನೋಡ್ತಿದಾರೆ. ಇಂಡಿಯಾದವ್ರ ಬಗ್ಗೆ ಏನಂದ್ಕೋತಾರೆ?"

"ಇಂಡಿಯಾ ನಮ್ಮವ್ವನ ಟ್ರಂಕ್ ಒಡದೈತಿ. ನನ್ನ ತಮ್ಮನ ಬೆನ್ನು ಮುರದೈತಿ. ಹೋಗು, ನಿನ್ನ ಜಾಗಾಕ್ಕ ಹೋಗಿ ನಿಂದ್ರು."

ಅಂಪೈರ್ ಬಂದ. ಡಚ್‌ನಲ್ಲಿ ಹೇಳಿದ, ಇಂಗ್ಲಿಷಿನಲ್ಲಿ ಹೇಳಿದ. ಕೈಗಡಿಯಾರ ತೋರಿಸಿದ. ಅವಳು ಮಂಡಿ ಬಗ್ಗಿಸಿ, ಕೈ ಚಾಚಿ, ಚೆಂಡಿಗೆ ಕಾಯುವವಳಂತೆ ನಿಂತಳು. ಸ್ವಂತ ತಂಡದ ಹುಡುಗಿಯರು ಬೇಡಿಕೊಂಡರು. ಒಬ್ಬಳು ಬೈದಳು. ಬೈಗುಳ ಯಾವ ಭಾಷೆಯಲ್ಲಿದ್ದರೂ ತಿಳಿಯುತ್ತದೆ. ಮಾರ್ಲೂಸ್ ಗೆರೆಯ ಆಚೆಯೇ ನಿಂತಿದ್ದಳು. ಅವಳ ಕಣ್ಣು ತುಂಬಿತ್ತು. ಆದರೂ ಒಂದು ಹೆಜ್ಜೆ ಒಳಗೆ ಇಡಲಿಲ್ಲ.

ಜಲಜಾಕ್ಷಿ ಹೆಲ್ಮೆಟ್ಟಿನ ಸರಳುಗಳೊಳಗಿಂದ ಎದುರು ನೋಡಿದಳು. ರಾಟರ್‌ಡ್ಯಾಮ್‌ನ ಹುಡುಗಿಯರು ಸ್ಟಿಕ್ಕು ಊರಿಕೊಂಡು ನಿಂತಿದ್ದರು. ಒಬ್ಬಳ ಕಾಲ ಹತ್ತಿರವೇ ಚೆಂಡು ಬಿದ್ದಿತ್ತು. ಹೊಡಿ, ಎಂದು ಜಲಜಾಕ್ಷಿ ಮನಸ್ಸಿನಲ್ಲೇ ಅಂದಳು. ಒಂದ ಹೊಡಿ. ವರ್ಷವೆಲ್ಲ ಮೈತುಂಬ ಚೆಂಡು ತಿಂದವಳು ಈಗ ಒಂದೇ ಒಂದು ಚೆಂಡಿಗೆ ಹಸಿದು ನಿಂತಿದ್ದಳು. ಆ ಹುಡುಗಿ ಚೆಂಡನ್ನು ಸ್ಟಿಕ್ಕಿನಿಂದ ಮೆಲ್ಲಗೆ ಹಿಂದಕ್ಕೆ ಸರಿಸಿಕೊಂಡಳು.

ಅಂಪೈರ್ ಸೀಟಿ ಊದಿದ. ಪಂದ್ಯ ರಾಟರ್‌ಡ್ಯಾಮ್‌ಗೆ ಹೋಯಿತು.

ಎರಡೂ ತಂಡದವರು ಸಾಲಾಗಿ ನಿಂತು ಪರಸ್ಪರ ಕೈ ಕುಲುಕಿದರು. ಗೋಲಿನ ಕಡೆ ಯಾರೂ ಬರಲಿಲ್ಲ. ಮಾರ್ಲೂಸ್ ಹೋಗುವಾಗ ಒಮ್ಮೆ ನಿಂತು, ದೂರದಿಂದಲೇ, "ನಾಳೆಯಿಂದ ತಾಲೀಮಿಗೆ ಬರಬೇಡ, ಯಾಲಾ" ಎಂದಳು. ಬಾಟಲಿಗಳನ್ನು ಹೊತ್ತು ಹುಡುಗಿಯರು ಹೊರಟರು. ಕೌಶಲ್ ಅವರ ಹಿಂದೆ ತಲೆ ತಗ್ಗಿಸಿ ನಡೆದ. ಮೈದಾನ ಖಾಲಿಯಾಯಿತು. ಗಾಳಿ ಬಲೆಯನ್ನು ಅಲುಗಿಸುತ್ತಿತ್ತು. ಜಲಜಾಕ್ಷಿಯನ್ನು ಯಾರೂ ಎಳೆದು ಹಾಕಲಿಲ್ಲ. ಹೊಡೆಯಲಿಲ್ಲ. ಅವಳನ್ನು ಹೊರಗೆ ಹಾಕುವ ಅಗತ್ಯವೇ ಯಾರಿಗೂ ಬೀಳಲಿಲ್ಲ.

ಆದರೂ ನಿಂತಿದ್ದಳು.

ಸ್ವಲ್ಪ ಹೊತ್ತಿಗೆ ಗೇಟಿನಿಂದ ಬೇರೆ ಹುಡುಗಿಯರು ಒಳಗೆ ಬಂದರು. ಬೇರೆ ಬಣ್ಣದ ಅಂಗಿ. ಮುಂದಿನ ಪಂದ್ಯದವರು. ಅವರಲ್ಲೊಬ್ಬಳು ಪ್ಯಾಡು ಕಟ್ಟಿಕೊಂಡು, ಹೆಲ್ಮೆಟ್ಟು ಕಂಕುಳಲ್ಲಿಟ್ಟುಕೊಂಡು, ಗೋಲಿನ ತನಕ ನಡೆದು ಬಂದಳು. ಕೆಂಚು ಕೂದಲು, ಮೂಗಿನ ಮೇಲೆಲ್ಲ ಚುಕ್ಕೆ. ಏನು ನಡೆದಿದೆಯೆಂದು ಅವಳಿಗೆ ಗೊತ್ತಿರಲಿಲ್ಲ.

"ಸಾರಿ" ಎಂದು ಅವಳು ನಗುತ್ತ ಹೇಳಿದಳು. "ಈಗ ನಮ್ಮ ಪಂದ್ಯ."

ಯತಿರಾಜ್‌ಗೆ ಹೇಳಲು ಜಲಜಾಕ್ಷಿಯ ಹತ್ತಿರ ಮಾತಿತ್ತು. ಕಮಿಟಿಗೆ ಹೇಳಲು ಇತ್ತು. ಕೌಶಲ್‌ಗೆ ಹೇಳಿದ್ದಳು. ಈ ಹುಡುಗಿಗೆ ಹೇಳಲು ಏನೂ ಇರಲಿಲ್ಲ. ಗೋಲಿನಿಂದ ಪಕ್ಕಕ್ಕೆ ಸರಿದಳು.

"ಆಡವ್ವಾ" ಎಂದಳು ಕನ್ನಡದಲ್ಲೇ. "ಆಡು."